ಸಂಕ್ರಾಂತಿ ಪತ್ರಗಳ ವಿಳಾಸ ಕೊನೆಗೂ ಚೀಟಿಯೊಳಗೆ ಕೂತದ್ದು ಹೀಗೆ

ತುಮಕೂರಿನಿಂದ ಪ್ರತಿ ಸಂಕ್ರಾಂತಿಗೆ 63 ಮನೆಗಳಿಗೆ ಶುಭಾಶಯ ಪತ್ರ ಕಳುಹಿಸುತ್ತೇವೆ. ವಿಳಾಸದ ಅಂಟುಚೀಟಿ ಮುದ್ರಿಸಿದರೆ ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಅಕ್ಷರ ಮೂಡಿದಾಗಲೂ ಕೆಳಗಿನ ಸಾಲುಗಳು ಜಾರಿ ಎರಡು ಚೀಟಿಗಳ ನಡುವೆ ಬೀಳುತ್ತಿದ್ದವು.

ಫಾಂಟ್ ಬದಲಿಸಿದೆ, ಬೇರೆ ಪ್ರಿಂಟರ್ ಹಿಡಿದೆ, ಪ್ರಯೋಜನವಾಗಲಿಲ್ಲ. ಕೈಯಲ್ಲೇ ಬರೆದ ವರ್ಷ ಪಿನ್ ತಪ್ಪಿ ಎರಡು ಪತ್ರಗಳು ಹಬ್ಬ ಕಳೆದ ಮೇಲೆ ಹಿಂದಿರುಗಿದವು.

ಪ್ರಶ್ನಾರ್ಥಕ ಚಿಹ್ನೆಗೆ ಕಾರಣ ಕಡತದ ಬಗೆ. ಎಕ್ಸೆಲ್ ಪಟ್ಟಿಯನ್ನು ಸಾಮಾನ್ಯ ಸಿಎಸ್‌ವಿ (ಬರೀ ಪಠ್ಯದ ಕಡತ) ಆಗಿ ಉಳಿಸಿದರೆ ಕನ್ನಡ ಅಳಿಸಿಹೋಗುತ್ತದೆ. ಎಕ್ಸೆಲ್‌ನದೇ ಬಗೆಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿಯೇ ಉಳಿಸಿ, ವರ್ಡ್‌ನ ಮೇಲ್ ಮರ್ಜ್‌ಗೆ (ಪಟ್ಟಿಯ ವಿಳಾಸಗಳನ್ನು ಒಂದೊಂದಾಗಿ ಚೀಟಿಗೆ ತುಂಬುವ ಸೌಲಭ್ಯ) ನೇರವಾಗಿ ಜೋಡಿಸಿ. ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿದ್ದ ವಿಳಾಸಗಳನ್ನು ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಫಾಂಟ್ ನಿರ್ಮಲಾ ಯುಐ.

ಜಾರುವಿಕೆಗೆ ಮದ್ದು ಮುದ್ರಣದ ಕಿಟಕಿಯಲ್ಲಿತ್ತು. ಕಾಗದ ‘ಲೆಟರ್’ ಅಲ್ಲ, ಎ4. ಚೀಟಿಯ ಅಳತೆ 63.5 × 38.1 ಮಿ.ಮೀ., ಹಾಳೆಗೆ 21. ಪಿಡಿಎಫ್ ಮಾಡಿಕೊಂಡು ‘ಫಿಟ್’ ಬಿಟ್ಟು ‘ಆ್ಯಕ್ಚುಯಲ್ ಸೈಜ್’ ಆರಿಸಿ. ‘ಫಿಟ್’ ಪುಟವನ್ನು ತುಸು ಕುಗ್ಗಿಸುತ್ತದೆ, ಆ ತುಸುವೇ ಏಳನೆಯ ಸಾಲಿಗೆ ಬರುವಷ್ಟರಲ್ಲಿ ಅರ್ಧ ಬೆರಳಾಗುತ್ತದೆ. ಮೊದಲ ಪ್ರತಿಯನ್ನು ಸಾದಾ ಹಾಳೆಯಲ್ಲಿ ತೆಗೆದು, ಚೀಟಿಯ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯಿರಿ. ಅಂಟುಹಾಳೆ ದುಬಾರಿ, ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಪಟ್ಟಿಯಲ್ಲಿ ಪಿನ್‌ಗೆ ಪ್ರತ್ಯೇಕ ಅಂಕಣವಿರಲಿ, ಪಟ್ಟಿಯನ್ನು ಅದರ ಕ್ರಮದಲ್ಲೇ ಜೋಡಿಸಿ. ಕರ್ನಾಟಕದವು 56ರಿಂದ 59ರೊಳಗೆ ಆರಂಭವಾಗುತ್ತವೆ. ಉಳಿದವು ಹೊರರಾಜ್ಯದವು, ಅವುಗಳಲ್ಲಿ ಊರು, ರಾಜ್ಯದ ಹೆಸರುಗಳನ್ನು ಇಂಗ್ಲಿಷಿನಲ್ಲೂ ಬರೆದು ಡಿಸೆಂಬರ್ ಕೊನೆಯಲ್ಲೇ ಅಂಚೆಗೆ ಹಾಕುತ್ತೇನೆ. ಶಿರಾ, ಪಾವಗಡದವು ಜನವರಿ 6ಕ್ಕೆ.