ಮಾತ್ರೆ ಎಣಿಸಿ ಲಿಥುವೇನಿಯನ್ ಸ್ವರ ಹಿಡಿದದ್ದು: ನನ್ನ ಅನುಭವ

'ನಿಮ್ಮ ಭಾಷೆಯಲ್ಲಿ ಪದಕ್ಕೆ ಒತ್ತೇ ಇಲ್ಲ, ಸ್ವರಭೇದ ನಿಮ್ಮ ಕಿವಿಗೆ ಕೇಳಿಸುವುದಾದರೂ ಹೇಗೆ? ನೀವು ವಾಕ್ಯರಚನೆಯ ಮೇಲೆ ಕೆಲಸ ಮಾಡಿ' ಎಂದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನನಗೆ ಬುದ್ಧಿ ಹೇಳಿದ್ದು 2014ರ ಚಳಿಗಾಲದಲ್ಲಿ. ಒತ್ತು ಎಂದರೆ ಇಲ್ಲಿ ಪದದ ಒಂದು ಅಕ್ಷರವನ್ನು ಹೆಚ್ಚು ಬಲವಾಗಿ ನುಡಿಯುವುದು; ಸ್ವರ ಎಂದರೆ ಆ ಅಕ್ಷರವನ್ನು ಲಿಥುವೇನಿಯನ್ನರು ನುಡಿಯುವ ಎರಡು ಬಗೆಗಳಲ್ಲಿ ಒಂದು, ಅದು ಬದಲಾದರೆ ಪದದ ಅರ್ಥವೇ ಬದಲಾಗಬಹುದು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ, ಮತ್ತು ಮೊದಲ ಎರಡು ವರ್ಷ ಅವರು ಹೇಳಿದ್ದೇ ಸರಿಯಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಈಗ ನನ್ನ ಬಳಿ ಚೀಟಿಗೊಂದು ಪದದಂತೆ ಬರೆದ ಸುಮಾರು 1,400 ಚೀಟಿಗಳಿವೆ. ಅವುಗಳಲ್ಲಿ ಸಂಧ್ಯಕ್ಷರ, ಅಂದರೆ 'ಅಉ', 'ಅನ್' ತರಹದ ಎರಡು ತುಂಡುಗಳ ಜೋಡಿ, ಇರುವ ಒಂಬೈನೂರು ಚಿಲ್ಲರೆ ಪದಗಳಿಗೆ ನಾನು ಕಿವಿಯಿಂದಲೇ ಗುರುತಿಸಿದ ಸ್ವರವನ್ನು ನಿಘಂಟಿನೊಡನೆ ಹೋಲಿಸಿ ನೋಡಿದಾಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೊಂದಿಕೊಂಡವು. ಬಾಲ್ಟೊ-ಸ್ಲಾವಿಕ್ (ಲಿಥುವೇನಿಯನ್, ಲಾಟ್ವಿಯನ್, ರಷ್ಯನ್ ಮೊದಲಾದ ಭಾಷೆಗಳ ಬಳಗ) ಸ್ವರಶಾಸ್ತ್ರದ ಮೊದಲ ಪಾಠಗಳನ್ನು ಇಲ್ಲಿ ಹೇಳುವುದಿಲ್ಲ. ಅವು ಗೊತ್ತಿರುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಚೀಟಿಯ ಪದ್ಧತಿ ನನ್ನದಲ್ಲ, ಲಿಥುವೇನಿಯನ್ ಭಾಷಾವಿಜ್ಞಾನಿ ಕಾಜಿಮೇರಾಸ್ ಬೂಗ ಅವರದು. 1879ರಲ್ಲಿ ದೂಸೆತೊಸ್ ಊರಿನ ಬಳಿ ಹುಟ್ಟಿದ ಅವರು 1902ರಿಂದ ನಿಘಂಟಿಗಾಗಿ ಚೀಟಿ ಬರೆಯತೊಡಗಿ ಸುಮಾರು 6 ಲಕ್ಷ ಚೀಟಿಗಳನ್ನು ಕೂಡಿಹಾಕಿದರು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗುರು ಯಾವ್ನಿಯುಸ್ ಅವರಿಗೆ ಲಿಪಿಕಾರರಾಗಿದ್ದು, ಆ ಗುರುವಿನ ವ್ಯುತ್ಪತ್ತಿಗಳನ್ನು ನಂಬಿ 1908ರಲ್ಲಿ ಒಂದು ಪುಸ್ತಕ ಪ್ರಕಟಿಸಿ, ಮುಂದೆ ಅದನ್ನು ತಾವೇ ತಳ್ಳಿಹಾಕಿದವರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ 6 ಲಕ್ಷಕ್ಕಿಂತ ಹೆಚ್ಚಾಗಿ ಈ ತಳ್ಳಿಹಾಕುವಿಕೆಯಿಂದ. ಮಹಾಯುದ್ಧದ ಕಾಲದಲ್ಲಿ ದೂರದ ಪೇರ್ಮ್‌ನಲ್ಲಿ ಪಾಠ ಹೇಳುತ್ತಿದ್ದು, 1920ರಲ್ಲಿ ತಾಯ್ನಾಡಿಗೆ ಮರಳಿ, ಕೌನಸ್‌ನಲ್ಲಿ ಪ್ರಾಧ್ಯಾಪಕರಾಗಿ, 1924ರಲ್ಲಿ ನಿಘಂಟಿನ ಮೊದಲ ಸಂಚಿಕೆಯನ್ನು ಹೊರತಂದರು. ಅದೇ ವರ್ಷ ಡಿಸೆಂಬರ್ 2ರಂದು ಕೋನಿಗ್ಸ್‌ಬರ್ಗ್‌ನಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತೈದು ವರ್ಷ. ಎರಡನೆಯ ಸಂಚಿಕೆ ಮರುವರ್ಷ ಬಂತು. ಎರಡೂ ಸೇರಿ 'ಅ' ಅಕ್ಷರವನ್ನೇ ದಾಟಲಿಲ್ಲ. ಆ ಚೀಟಿಗಳ ಮೇಲೆಯೇ ಮುಂದಿನವರು ಕಟ್ಟಿದ ಮಹಾನಿಘಂಟು 20 ಸಂಪುಟಗಳಲ್ಲಿ ಮುಗಿದದ್ದು 2002ರಲ್ಲಿ, ಅಂದರೆ ಮೊದಲ ಚೀಟಿಗೆ ನೂರು ವರ್ಷ ತುಂಬಿದಾಗ.

ಆದರೆ ನಾನು ಆರಂಭಿಸಿದ್ದು ಚೀಟಿಯಿಂದಲ್ಲ. ಆಗ ಎಲ್ಲರಂತೆ ನಾನೂ ಧ್ವನಿಮುದ್ರಿಸಿಕೊಂಡು, ಪ್ರಾಟ್ ತಂತ್ರಾಂಶದಲ್ಲಿ ಸ್ಥಾಯಿಯ, ಅಂದರೆ ಧ್ವನಿಯ ಏರಿಳಿತದ, ಗೆರೆ ಎಳೆದು, ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಎಂದು ನೋಡುತ್ತ ಕುಳಿತೆ. ಪಠ್ಯಪುಸ್ತಕದಲ್ಲಿ ಒಂದು ಸ್ವರ ಇಳಿಯುತ್ತದೆ, ಇನ್ನೊಂದು ಏರುತ್ತದೆ ಎಂದಿದೆ. ಎರಡು ವರ್ಷದಲ್ಲಿ ಸುಮಾರು ಎರಡೂವರೆ ಸಾವಿರ ತುಣುಕುಗಳನ್ನು ಅಳೆದೆ. ಬಂದ ಫಲಿತಾಂಶ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ಅಷ್ಟೇನೂ ಮೇಲಿರಲಿಲ್ಲ. ಕಾರಣ ಈಗ ನಗು ತರಿಸುವಷ್ಟು ಸರಳ: ಪದಗಳ ಪಟ್ಟಿಯನ್ನು ಓದಿಸಿದರೆ ಪಟ್ಟಿಯ ಧಾಟಿಯಿಂದಾಗಿ ಪ್ರತಿ ಪದದ ಕೊನೆಯೂ ಏರುತ್ತದೆ, ಪ್ರಶ್ನೆಯ ರೂಪದಲ್ಲಿ ಕೇಳಿದರೆ ಉತ್ತರದ ಕೊನೆ ಇಳಿಯುತ್ತದೆ, ವಾಕ್ಯದ ಧಾಟಿಯು ಪದದ ಸ್ವರವನ್ನು ನುಂಗಿಬಿಡುತ್ತದೆ. ತಂತ್ರಾಂಶ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ಅಳೆಯಿತು. ಅಳೆಯಬಾರದ್ದನ್ನು ಅಳೆಯಲು ಕೊಟ್ಟವನು ನಾನು.

ದಾರಿ ಸಿಕ್ಕಿದ್ದು ದೂಸೆತೊಸ್‌ನಲ್ಲಿ. ಬೂಗ ಅವರ ಊರು ಎಂಬ ಭಕ್ತಿಯಿಂದ ಹೋಗಿದ್ದೆನೇ ಹೊರತು ಬೇರೆ ಯೋಜನೆ ಇರಲಿಲ್ಲ. ಅಲ್ಲಿನ ಸಾರ್ತಾಯ್ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆಯುತ್ತಿದ್ದ ಕುದುರೆ ಓಟಕ್ಕೆ ಹೆಸರಾದ ಊರು ಅದು. ನಾನು ಹೋದದ್ದು ಬೇಸಿಗೆಯಲ್ಲಿ. ಎಂಬತ್ತು ದಾಟಿದ ಅಜ್ಜಿಯೊಬ್ಬರ ಅಡುಗೆಮನೆಯಲ್ಲಿ ಕುಳಿತು, ಸರೋವರದಲ್ಲಿ ಬಾತುಕೋಳಿಗಳು ಎಷ್ಟಿವೆ ಎಂದು ಕೇಳಿದೆ. 'ಅಂತಿಸ್' ಎಂಬ ಪದ ಒಂದು ಸ್ವರದಲ್ಲಿ ಬಾತುಕೋಳಿ, ಇನ್ನೊಂದರಲ್ಲಿ ಅಂಗಿಯೊಳಗಿನ ಎದೆಯ ಭಾಗ, ನಮ್ಮ ಹಳ್ಳಿಯ ಹೆಂಗಸರು ದುಡ್ಡಿನ ಚೀಲ ಸಿಕ್ಕಿಸಿಕೊಳ್ಳುವ ಜಾಗ. ಆ ಕಡೆಯ ಆಡುನುಡಿಯಲ್ಲಿ 'ಅನ್' ಎನ್ನುವುದು 'ಉನ್' ಆಗುವುದರಿಂದ ನಾನು 'ಉಂತಿಸ್' ಎಂದೇ ಹೇಳಿದ್ದೆ, ಅಷ್ಟು ಸಿದ್ಧತೆ ಮಾಡಿಕೊಂಡಿದ್ದೆ. ಅಜ್ಜಿ ನಕ್ಕು, ಕೈಯನ್ನು ತಮ್ಮ ಅಂಗಿಯ ಕತ್ತಿನೊಳಗೆ ಇಳಿಸಿ ತೋರಿಸಿದರು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಎರಡೂ ಪದಗಳನ್ನು ಹೇಳಿದರು. ಬಾತುಕೋಳಿಗೆ ಮೊದಲೇ ಬಿಗಿಯಾಗಿ ಅದುಮಿ ಕೂಡಲೇ ಸಡಿಲಿಸಿದರು. ಇನ್ನೊಂದಕ್ಕೆ ಹಗುರವಾಗಿ ಹಿಡಿದು ಕೊನೆಯಲ್ಲಿ ಅದುಮಿದರು. ಅವರ ಧ್ವನಿ ಏರಿತೋ ಇಳಿಯಿತೋ ಎಂಬುದು ಆಗಲೂ ನನಗೆ ಕೇಳಿಸಲಿಲ್ಲ. ಬಿಗಿ ಎಲ್ಲಿ ಬಿತ್ತು, ಎಷ್ಟು ಹೊತ್ತು ಇತ್ತು ಎಂಬುದು ಮಾತ್ರ ಕೈಗೆ ತಿಳಿಯಿತು.

ಲಿಥುವೇನಿಯನ್ನರು ಈ ಎರಡು ಸ್ವರಗಳಿಗೆ ಇಟ್ಟ ಹೆಸರಿನಲ್ಲೇ ಇದು ಇತ್ತು. ಒಂದು 'ತ್ವಿರ್ತಪ್ರಾದೆ', ಅಂದರೆ ಮೊದಲು ಗಟ್ಟಿ. ಇನ್ನೊಂದು 'ತ್ವಿರ್ತಗಾಲೆ', ಅಂದರೆ ಕೊನೆ ಗಟ್ಟಿ. ಎರಡು ವರ್ಷ ಆ ಹೆಸರುಗಳನ್ನು ದಿನಕ್ಕೆ ಹತ್ತು ಸಲ ಬರೆದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ವಿಲ್ನಿಯಸ್‌ಗೆ ಮರಳುವ ಬಸ್ಸಿನಲ್ಲಿ ಮಾಡಿದ ಕೆಲಸ ಇಷ್ಟೆ: ಪ್ರೌಢಶಾಲೆಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದಂತೆ ಲಿಥುವೇನಿಯನ್ ಸಂಧ್ಯಕ್ಷರದ ಎರಡು ತುಂಡುಗಳಿಗೆ ಬೇರೆಬೇರೆಯಾಗಿ ಗುರು ಲಘು ಹಾಕಿದೆ. 'ಶಾಉಕ್' ಎಂದರೆ 'ಗುಂಡು ಹಾರಿಸು': ಮೊದಲ ತುಂಡು ಗುರು, ಎರಡನೆಯದು ಲಘು. 'ಶಅಊಕ್' ಎಂದರೆ 'ಕೂಗು': ಮೊದಲನೆಯದು ಲಘು, ಎರಡನೆಯದು ಗುರು. ರೋಮನ್ ಲಿಪಿಯಲ್ಲಿ ಎರಡನ್ನೂ ಒಂದೇ ಕಾಗುಣಿತದಲ್ಲಿ ಬರೆದು ಮೇಲೊಂದು ಚಿಹ್ನೆ ಇಡುತ್ತಾರೆ; ಅದು ನಿತ್ಯದ ಬರವಣಿಗೆಯಲ್ಲಿ ಇರುವುದೂ ಇಲ್ಲ. ಕನ್ನಡ ಲಿಪಿಯಲ್ಲಿ ಬರೆದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 'ಐ', 'ಔ' ಎಂಬ ಅಕ್ಷರಗಳನ್ನು ಮಾತ್ರ ಚೀಟಿಯಲ್ಲಿ ನಿಷೇಧಿಸಿದೆ, ಏಕೆಂದರೆ ಅವು ಎರಡು ತುಂಡುಗಳನ್ನು ಒಂದೇ ಗಂಟಾಗಿ ಕಟ್ಟಿಬಿಡುತ್ತವೆ. ಕನ್ನಡಿಗನ ಕಿವಿ ಕೆಟ್ಟಿದ್ದಕ್ಕೆ ಕಾರಣ ಭಾಷೆಯಲ್ಲಿ ಒತ್ತಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಈ ಎರಡು ಅಕ್ಷರಗಳೇ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹ್ರಸ್ವ ದೀರ್ಘದ ವಿಷಯಕ್ಕೆ ಬಂದರೆ ನಮ್ಮ ಕಿವಿಗಿಂತ ಚುರುಕಾದ ಕಿವಿ ಯುರೋಪಿನಲ್ಲಿ ಹೆಚ್ಚು ಜನರಿಗೆ ಇಲ್ಲ.

ಚೀಟಿಯ ಎಡಮೂಲೆಯಲ್ಲಿ ಊರು, ಬಲಮೂಲೆಯಲ್ಲಿ ಪ್ರಸ್ತಾರ, ನಡುವೆ ಕನ್ನಡ ಲಿಪಿಯಲ್ಲಿ ಪದ, ಕೆಳಗೆ ಎರಡು ರೂಪಗಳು: ಚತುರ್ಥಿ ಬಹುವಚನ ಮತ್ತು ದ್ವಿತೀಯಾ ಬಹುವಚನ. ವಿಭಕ್ತಿ ಬದಲಾದಂತೆ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ಮಾಡಿದ ನಾಮಪದದ ನಾಲ್ಕು ಒತ್ತುವರ್ಗಗಳನ್ನು ಬಿಡಿಸಲು ಈ ಎರಡೇ ಸಾಕು. ಎರಡರಲ್ಲೂ ಒತ್ತು ಧಾತುವಿನ ಮೇಲೆ ಇದ್ದರೆ ಒಂದನೆಯದು, ಲಿಂಡನ್ ಮರದ 'ಲಿಯೆಪ' ಅದಕ್ಕೆ ಉದಾಹರಣೆ. ಚತುರ್ಥಿಯಲ್ಲಿ ಧಾತು, ದ್ವಿತೀಯೆಯಲ್ಲಿ ಪ್ರತ್ಯಯ ಆದರೆ ಎರಡನೆಯದು, ಕೈ ಎಂಬ ಅರ್ಥದ 'ರಂಕ' ಹಾಗೆ. ಅದು ತಿರುವುಮುರುವಾದರೆ ಮೂರನೆಯದು, ತಲೆ ಎಂಬ ಅರ್ಥದ 'ಗಲ್ವ'. ಎರಡರಲ್ಲೂ ಪ್ರತ್ಯಯದ ಮೇಲಾದರೆ ನಾಲ್ಕನೆಯದು, ಚಳಿಗಾಲ ಎಂಬ 'ಝಿಯೆಮ'. ನಿಘಂಟುರೂಪವನ್ನು ಕೇಳುತ್ತ ಕೂರುವವರು ಕೊನೆಯ ಮೂರನ್ನು ಬೇರ್ಪಡಿಸಲಾರರು, ಏಕೆಂದರೆ ಅಲ್ಲಿ ಈ ಮೂರು ಪದಗಳಿಗೂ ಒತ್ತು ಕೊನೆಯ ಮೇಲೇ ಇದೆ. ಈ ಎರಡು ಪ್ರಶ್ನೆಗಳನ್ನು ಯಾವ ವಾಕ್ಯದೊಳಗೆ ಇಟ್ಟು ಕೇಳಿದರೆ ಪಟ್ಟಿಯ ಧಾಟಿ ಬರುವುದಿಲ್ಲ ಎಂಬುದನ್ನು ಕಂಡುಕೊಳ್ಳಲು ನನಗೆ ಒಂದು ಬೇಸಿಗೆ ಹಿಡಿಯಿತು. ಆ ವಾಕ್ಯವನ್ನು ಇಲ್ಲಿ ಬರೆಯುವುದಿಲ್ಲ. ಹುಡುಕಿಕೊಳ್ಳಿ, ಅಡುಗೆಮನೆಯ ಸಾಮಾನಿನಿಂದ ಆರಂಭಿಸಿ ಎಂದಷ್ಟೇ ಹೇಳುತ್ತೇನೆ.

ಪಾನೆವೆಝಿಸ್‌ನ ಉತ್ತರಕ್ಕೆ ಹೋದಾಗ ಇದೇ ಪ್ರಶ್ನೆಗಳು ಕೈಕೊಟ್ಟವು. ಅಲ್ಲಿ ಹ್ರಸ್ವವಾದ ಅಂತ್ಯದ ಮೇಲಿನ ಒತ್ತು ಹಿಂದಕ್ಕೆ ಸರಿದು ಧಾತುವಿನ ಮೇಲೆ ಬರುವುದರಿಂದ ಎರಡನೆಯ ವರ್ಗ ಒಂದನೆಯದರಂತೆಯೂ ನಾಲ್ಕನೆಯದು ಮೂರನೆಯದರಂತೆಯೂ ಕಾಣುತ್ತದೆ. ಹನ್ನೊಂದು ದಿನಗಳ ಚೀಟಿಗಳನ್ನು ಕಟ್ಟಿ ಪಕ್ಕಕ್ಕಿಟ್ಟೆ. ಇದು ಪುಸ್ತಕದಲ್ಲಿ ಇರುವ ವಿಷಯವೇ. ಓದಿದ್ದೆ, ಹೊರಡುವಾಗ ಮರೆತಿದ್ದೆ.

ಇನ್ನು ದುಡ್ಡಿನ ವಿಷಯ. ನಾನು ಹೋದಾಗ ಲಿತಾಸ್ ಚಲಾವಣೆಯಲ್ಲಿತ್ತು. 2015ರ ಜನವರಿಯಿಂದ ಯೂರೋ ಬಂದು, ಒಂದು ಯೂರೋಗೆ ಸುಮಾರು ಮೂರೂವರೆ ಲಿತಾಸ್‌ನಂತೆ ನನ್ನ ಲೆಕ್ಕದ ಪುಸ್ತಕವೆಲ್ಲ ಅರ್ಧದಲ್ಲಿ ಬದಲಾಯಿತು. ವಿಮಾನಕ್ಕೆ ಐವತ್ತೈದು ಸಾವಿರ ರೂಪಾಯಿಯ ಆಸುಪಾಸು, ಕೋಣೆಗೆ ತಿಂಗಳಿಗೆ ಇನ್ನೂರು ಯೂರೋ. ಸ್ಥಾಯಿ ಅಳೆಯುವ ಹುಚ್ಚಿನಲ್ಲಿ ಕೊಂಡ ಮೈಕು ಮತ್ತು ಧ್ವನಿಮುದ್ರಕಕ್ಕೆ ನಲವತ್ತು ಸಾವಿರದಷ್ಟು ಹೋಯಿತು. ಮೈಕನ್ನು ಅರ್ಧ ಬೆಲೆಗೆ ಮಾರಿದೆ. ಅನುದಾನಕ್ಕೆ ಮೂರು ಕಡೆ ಅರ್ಜಿ ಹಾಕಿದ್ದೆ. ಎರಡು ಕಡೆಯಿಂದ ಉತ್ತರವೇ ಬರಲಿಲ್ಲ; ಮೂರನೆಯ ಕಡೆಯವರು 'ಕನ್ನಡ ಲಿಪಿಯಲ್ಲಿ ಬರೆದ ಲಿಥುವೇನಿಯನ್ ಸಾಮಗ್ರಿಯನ್ನು ಪರಿಶೀಲಿಸುವವರು ಯಾರು?' ಎಂದು ಕೇಳಿ ಕೈಬಿಟ್ಟರು. ಚೀಟಿಯ ಕಾಲಕ್ಕೆ ಖರ್ಚು ಇಳಿಯಿತು: ದಪ್ಪ ಕಾಗದ, ನಾಲ್ಕು ಬೂಟಿನ ಡಬ್ಬ, ಬಸ್ಸಿನ ಟಿಕೆಟ್ಟು, ಪ್ರತಿ ಮನೆಗೂ ಒಂದು ಪೊಟ್ಟಣ ಚಿಕ್ಕಮಗಳೂರಿನ ಕಾಫಿಪುಡಿ. ಮಾತಾಡಿದ್ದಕ್ಕೆ ದುಡ್ಡು ಕೊಟ್ಟರೆ ಬೇಸರಪಡುತ್ತಿದ್ದ ಹಿರಿಯರು ಕಾಫಿಪುಡಿಯನ್ನು ಬೇಡವೆನ್ನಲಿಲ್ಲ. ಆರು ವರ್ಷಗಳಲ್ಲಿ ಒಟ್ಟು ಹನ್ನೆರಡು ಲಕ್ಷ ರೂಪಾಯಿ ಆಗಿರಬಹುದು, ಅದರಲ್ಲಿ ಮೊದಲೆರಡು ವರ್ಷದ್ದೇ ಅರ್ಧಕ್ಕಿಂತ ಹೆಚ್ಚು.

ಚೀಟಿಗಳು ಏಳುನೂರರ ಹತ್ತಿರ ಬಂದಾಗ ಅವು ರಷ್ಯನ್ ಮುಂತಾದ ಸ್ಲಾವಿಕ್ ಭಾಷೆಗಳ ಕಡೆಗೂ ಸಾಕ್ಷಿ ಹೇಳುತ್ತವೆಯೇ ಎಂದು ನೋಡುವ ಚಪಲ ಹುಟ್ಟಿತು. ಕಾಗೆಗೆ ಲಿಥುವೇನಿಯನ್‌ನಲ್ಲಿ 'ವಾರ್ನ', ಮೊದಲು ಗಟ್ಟಿ. ರಷ್ಯನ್‌ನಲ್ಲಿ 'ವೊರೋನ', ಒತ್ತು ಎರಡನೆಯ 'ಒ' ಮೇಲೆ. ಕಾಡುಕಾಗೆಗೆ ಇಲ್ಲಿ 'ರ್' ಎಳೆಯುವ 'ವರ್ನಸ್', ಕೊನೆ ಗಟ್ಟಿ. ಅಲ್ಲಿ 'ವೋರೊನ್', ಒತ್ತು ಮೊದಲ 'ಒ' ಮೇಲೆ. ಹಸುವಿಗೆ ಇಲ್ಲಿ 'ಕಾರ್ವೆ', ಅಲ್ಲಿ 'ಕೊರೋವ'. ಬರ್ಚ್ ಮರವೂ ಹಾಗೇ: ಇಲ್ಲಿ ಮೊದಲು ಗಟ್ಟಿಯಾದಲ್ಲಿ ಅಲ್ಲಿ ಒತ್ತು ಎರಡನೆಯದರ ಮೇಲೆ. ಒಂದು ವಾರ ಆಕಾಶದಲ್ಲಿದ್ದೆ. ಆಮೇಲೆ ತಲೆಯ ಚೀಟಿ ಬಂತು: ದ್ವಿತೀಯಾ ಏಕವಚನದಲ್ಲಿ 'ಗಾಲ್ವಾ', ಸ್ಪಷ್ಟವಾಗಿ ಗುರು-ಲಘು, ಆದರೆ ರಷ್ಯನ್‌ನಲ್ಲಿ 'ಗೋಲೊವು', ಒತ್ತು ಮೊದಲನೆಯದರ ಮೇಲೆ. ನನ್ನ ಕಿವಿಯೇ ತಪ್ಪಿದೆ ಎಂದುಕೊಂಡು ಮೂರನೆಯ ವರ್ಗದ ಚೀಟಿಗಳನ್ನೆಲ್ಲ ಮತ್ತೆ ಮನೆಮನೆಗೆ ಹೊತ್ತುಕೊಂಡು ಹೋದೆ, ನಾಲ್ಕು ತಿಂಗಳು. ಧಾತು ಮತ್ತು ಪ್ರತ್ಯಯದ ನಡುವೆ ಒತ್ತು ಚಲಿಸುವ ಪದಗಳಲ್ಲಿ ಸ್ಲಾವಿಕ್ ಈ 'ಮೊದಲು ಗಟ್ಟಿ' ಸ್ವರವನ್ನು ಕಳೆದುಕೊಂಡಿತು ಎಂಬುದು ಫ್ರೆಂಚ್ ಭಾಷಾವಿಜ್ಞಾನಿ ಮೆಯೆ ಅವರ ಹೆಸರಿನ ನಿಯಮ. ಓದುಗರಲ್ಲಿ ಅರ್ಧ ಜನ ಈ ಸಾಲಿಗೆ ಬರುವ ಮೊದಲೇ ಅದನ್ನು ಹೇಳಿಕೊಂಡಿರುತ್ತಾರೆ. ನನಗೂ ಗೊತ್ತಿತ್ತು. ಆದರೆ ಸ್ವಂತ ಕಿವಿಯ ಮೇಲೆ ನಂಬಿಕೆ ಇಲ್ಲದವನಿಗೆ ನಿಯಮ ನೆನಪಾಗುವುದಿಲ್ಲ. ಲಾಭವೆಂದರೆ ಮರುಪರಿಶೀಲನೆಯಲ್ಲಿ ಮೂರನೆಯ ವರ್ಗದ ಒಂದು ಚೀಟಿಯೂ ಬದಲಾಗಲಿಲ್ಲ.

ಲಾಟ್ವಿಯಾದ ವಾಲ್ಮಿಯೆರ ಕಡೆಗೂ ಮೂವತ್ತು ಪದ ಹಿಡಿದು ಹೋಗಿದ್ದೆ. ಅಲ್ಲಿ ಮೂರು ಸ್ವರಗಳಿವೆ. ಲಾಟ್ವಿಯನ್ ಭಾಷಾವಿಜ್ಞಾನಿ ಎಂಡ್ಜೆಲೀನ್ಸ್ ತೋರಿಸಿಕೊಟ್ಟಂತೆ ನಮ್ಮ 'ಲಿಯೆಪ' ಅಲ್ಲಿ ಸಮವಾಗಿ ಎಳೆಯುತ್ತದೆ, 'ಗಲ್ವ' ನಡುವೆ ಗಂಟಲು ಕಟ್ಟಿದಂತೆ ಮುರಿಯುತ್ತದೆ. ಆ ಮುರಿತಕ್ಕೆ ಮಾತ್ರೆಯ ಲೆಕ್ಕವೇ ಬೇಡ, ಮೊದಲ ದಿನವೇ ಕೇಳಿಸಿತು. ಅಲ್ಲಿಂದ ಆರಂಭಿಸಿದ್ದರೆ ಎರಡು ವರ್ಷ ಉಳಿಯುತ್ತಿತ್ತೇನೋ.

ಪದ್ಧತಿ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಬೇಕು. 'ಇ', 'ಉ' ಮುಂದೆ 'ಲ್', 'ರ್' ಬಂದ ಪದಗಳಲ್ಲಿ ಮೊದಲ ತುಂಡು ಗಟ್ಟಿಯಾದರೂ ಉದ್ದವಾಗುವುದಿಲ್ಲ. ತುಂಬಿದ ಎಂಬ 'ಪಿಲ್ನಸ್', ಬೂದು ಎಂಬ 'ಪಿಲ್ಕಸ್' ಎರಡರಲ್ಲೂ 'ಪಿ' ಹ್ರಸ್ವವೇ. ಎರಡನೆಯದರಲ್ಲಿ 'ಲ್' ಎಳೆಯುತ್ತದೆಯೇ ಎಂದು ಕಾದು ಕೇಳಬೇಕು. ಇಲ್ಲಿ ನನ್ನ ಚೀಟಿಗಳಲ್ಲಿ ಐದಕ್ಕೊಂದು ತಪ್ಪು. ಒಂಟಿ ದೀರ್ಘಸ್ವರಗಳಲ್ಲಿ ನಗರದ ಯುವಕರೇ ಭೇದ ಮಾಡದಿರುವುದರಿಂದ ಅವರನ್ನು ಕೇಳುವುದನ್ನೇ ಬಿಟ್ಟೆ. 'ಇಯೆ', 'ಉಒ' ಎಂಬ ಜೋಡಿಗಳು ತುಂಡಾಗುವುದೇ ಇಲ್ಲ, ಅಲ್ಲಿ ಗುರು ಲಘು ಹಾಕಲು ಜಾಗವಿಲ್ಲ. ಅದಕ್ಕೆ ಬೇರೊಂದು ಉಪಾಯ ಸಿಕ್ಕಿದೆ, ಎಪ್ಪತ್ತು ಪದಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಲೇಖನ ಅಚ್ಚಾಗುವವರೆಗೆ ಅದು ನನ್ನ ನಾಲ್ಕನೆಯ ಡಬ್ಬದಲ್ಲೇ ಇರಲಿ.

ಕಳೆದ ವಸಂತದಲ್ಲಿ ಅದೇ ಪ್ರಾಧ್ಯಾಪಕರು ಇಪ್ಪತ್ತು ಪದಗಳನ್ನು ತಾವೇ ಆರಿಸಿ, ಬೆನ್ನು ತಿರುಗಿಸಿ ನಿಂತು ಒಂದೊಂದಾಗಿ ಹೇಳಿ ನನ್ನನ್ನು ಪರೀಕ್ಷಿಸಿದರು. ಹದಿನೆಂಟು ಸರಿಯಾದವು, ತಪ್ಪಿದ ಎರಡರಲ್ಲೂ 'ಇರ್' ಇತ್ತು. ಅವರು ಒಂದು ಚೀಟಿಯನ್ನು ಎತ್ತಿಕೊಂಡು, ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿ, ಗುರುವಿನ ಚಿಹ್ನೆ ಯಾವುದು, ಲಘುವಿನದು ಯಾವುದು ಎಂದು ಕೇಳಿದರು.