ಕಿವಿಗೆ ಬಿದ್ದ ಮೊದಲ ಪದ ಉತ್ತರವಲ್ಲ: ಐಇಎಲ್‌ಟಿಎಸ್ ಲಿಸನಿಂಗ್‌ನಲ್ಲಿ ನನ್ನ ಅನುಭವ

ವಿದೇಶದಲ್ಲಿ ಓದಲು ಅಥವಾ ಕೆಲಸ ಮಾಡಲು ಬಯಸುವವರ ಇಂಗ್ಲಿಷ್ ಜ್ಞಾನವನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ಲಿಸನಿಂಗ್, ಅಂದರೆ ಆಡಿಯೊ ಕೇಳಿ ಉತ್ತರಿಸುವ ವಿಭಾಗದಲ್ಲಿ 9ರ ಶ್ರೇಣಿಯಲ್ಲಿ ಬ್ಯಾಂಡ್ 6 ಬಂದಾಗ ನನಗೆ ಬೇಸರಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಯಿತು. ಆಡಿಯೊದಲ್ಲಿ ನನಗೆ ಅರ್ಥವಾಗದ ಮಾತು ಹೆಚ್ಚೇನೂ ಇರಲಿಲ್ಲ. ಆದರೂ ಅಂಕಗಳು ಎಲ್ಲಿ ಸೋರಿಹೋದವು ಎಂಬುದು ತಿಳಿಯಲಿಲ್ಲ. ಅದನ್ನು ಹುಡುಕಲು ನಾನು ಹಳೆಯ ಅಭ್ಯಾಸ ಪತ್ರಿಕೆಗಳನ್ನೆಲ್ಲ ಮತ್ತೆ ಬಿಡಿಸಿ, ತಪ್ಪಿದ ಪ್ರತಿಯೊಂದು ಉತ್ತರದ ಎದುರು ತಪ್ಪಿದ್ದಕ್ಕೆ ಕಾರಣವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಾ ಹೋದೆ. ಎರಡನೆಯ ಸಲ ಬ್ಯಾಂಡ್ 8 ಬಂದದ್ದು ಆ ನೋಟ್‌ಬುಕ್‌ನಿಂದ ಎಂದೇ ನಾನು ನಂಬಿದ್ದೇನೆ.

ಈ ವಿಭಾಗದ ಸ್ವರೂಪ ಸರಳವಾದದ್ದು. ನಾಲ್ಕು ಭಾಗ, ಪ್ರತಿ ಭಾಗದಲ್ಲಿ 10ರಂತೆ ಒಟ್ಟು 40 ಪ್ರಶ್ನೆ, ಸುಮಾರು 30 ನಿಮಿಷ. ಮೊದಲೆರಡು ಭಾಗ ದಿನಬಳಕೆಯ ವಿಷಯಗಳದ್ದು, ಕೊನೆಯ ಎರಡು ಓದು ಮತ್ತು ಪಾಠಕ್ಕೆ ಸಂಬಂಧಿಸಿದ್ದು. ಪ್ರತಿಯೊಂದು ಆಡಿಯೊವನ್ನೂ ಒಂದೇ ಸಲ ಕೇಳಿಸುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹೀಗಾಗಿ ಯಾವ ಜಾಗವನ್ನೂ ಖಾಲಿ ಬಿಡಬಾರದು.

ನೋಟ್‌ಬುಕ್‌ನಲ್ಲಿ ಅತಿ ಹೆಚ್ಚು ಸಲ ಕಾಣಿಸಿದ ಕಾರಣ ಒಂದೇ ಆಗಿತ್ತು: ಕಿವಿಗೆ ಮೊದಲು ಬಿದ್ದ ಪದವನ್ನು ಬರೆದು ನಿರಾಳವಾಗಿಬಿಡುವುದು. ಒಂದು ಉದಾಹರಣೆ ಕೊಡುತ್ತೇನೆ. ತರಬೇತಿ ಯಾವ ದಿನ ಆರಂಭವಾಗುತ್ತದೆ ಎಂಬುದು ಪ್ರಶ್ನೆ ಎಂದುಕೊಳ್ಳಿ. ಆಡಿಯೊದಲ್ಲಿ ಒಬ್ಬರು ‘ಮಂಗಳವಾರ ತಾನೇ?’ ಎಂದು ಕೇಳುತ್ತಾರೆ. ಇನ್ನೊಬ್ಬರು, ‘ಹಾಗೆಂದೇ ಪ್ರಕಟಿಸಿದ್ದೆವು, ಆದರೆ ಆ ದಿನ ಕೊಠಡಿ ಸಿಗುತ್ತಿಲ್ಲ, ಬುಧವಾರ ಶಿಕ್ಷಕರಿಗೆ ಬಿಡುವಿಲ್ಲ, ಆದ್ದರಿಂದ ಗುರುವಾರಕ್ಕೆ ಹಾಕಿದ್ದೇವೆ’ ಎನ್ನುತ್ತಾರೆ. ಉತ್ತರ ಗುರುವಾರ. ಆದರೆ ಆ ಪದ ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ. ಅದಕ್ಕೂ ಮೊದಲು ಉಚ್ಚರಿಸಿದ ಎರಡು ದಿನಗಳೂ ತಪ್ಪು. ಮೊದಲ ಸಲ ನಾನು ಇಂಥ ಕಡೆ ಮಂಗಳವಾರ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ‘ಬಟ್’, ‘ಆ್ಯಕ್ಚುಯಲಿ’, ‘ಇನ್‌ಸ್ಟೆಡ್’ ಎಂಬ ಪದಗಳು ಕೇಳಿಸಿದ ಕೂಡಲೇ ಹಿಂದಿನ ಮಾತು ರದ್ದಾಗುವ ಸಾಧ್ಯತೆ ಇದೆ ಎಂದು ಎಚ್ಚರವಾಗುವುದನ್ನು ನಾನು ಬಹಳ ನಿಧಾನವಾಗಿ ಕಲಿತೆ. ಅಂದಿನಿಂದ ಮೊದಲ ಉತ್ತರವನ್ನು ಪೆನ್ಸಿಲ್‌ನಿಂದ ಸಣ್ಣದಾಗಿ ಗುರುತಿಸಿ, ಮಾತು ಮುಂದಿನ ವಿಷಯಕ್ಕೆ ದಾಟಿದ ನಂತರವೇ ಅದನ್ನು ಖಚಿತಪಡಿಸಿಕೊಳ್ಳುತ್ತಿದ್ದೆ.

ಬಹು ಆಯ್ಕೆಯ ಪ್ರಶ್ನೆಗಳಲ್ಲಿಯೂ ಇದೇ ತೊಡಕು ಇನ್ನಷ್ಟು ಬಲವಾಗಿರುತ್ತದೆ, ಏಕೆಂದರೆ ಅನೇಕ ಸಲ ಮೂರೂ ಆಯ್ಕೆಗಳ ಪ್ರಸ್ತಾಪ ಆಡಿಯೊದಲ್ಲಿ ಬಂದುಹೋಗುತ್ತದೆ. ಆಯ್ಕೆಯಲ್ಲಿರುವ ಪದವೇ ಯಥಾವತ್ತಾಗಿ ಕೇಳಿಸಿದರೆ ನಾನು ಸಂತೋಷಪಡುವ ಬದಲು ಅನುಮಾನಪಡುತ್ತೇನೆ. ಸರಿಯಾದ ಉತ್ತರ ಸಾಮಾನ್ಯವಾಗಿ ಬೇರೆ ಮಾತುಗಳಲ್ಲಿ ಬರುತ್ತದೆ: ಪತ್ರಿಕೆಯಲ್ಲಿ ‘ಫ್ರೀ ಫಾರ್ ಚಿಲ್ಡ್ರನ್’ ಎಂದಿದ್ದರೆ ಮಾತಿನಲ್ಲಿ ‘ಅಂಡರ್ ಟ್ವೆಲ್ವ್ಸ್ ಡೋಂಟ್ ಪೇ’ ಎಂದಿರಬಹುದು. ಆದ್ದರಿಂದ ಆಡಿಯೊ ಆರಂಭವಾಗುವ ಮೊದಲು ಸಿಗುವ ಅಲ್ಪ ಸಮಯದಲ್ಲಿ ನಾನು ಪ್ರಶ್ನೆಗಳನ್ನು ಓದಿ ಮುಗಿಸುವುದಷ್ಟೇ ಅಲ್ಲದೆ, ಪ್ರತಿ ಖಾಲಿ ಜಾಗದಲ್ಲಿ ಯಾವ ಬಗೆಯ ಪದ ಕೂರಬಹುದು ಎಂದು ಊಹಿಸುತ್ತಿದ್ದೆ. ಅಂಕಿಯೇ, ಹೆಸರೇ, ನಾಮಪದವೇ, ಏಕವಚನವೇ, ಬಹುವಚನವೇ? ಖಾಲಿ ಜಾಗಕ್ಕೆ ಮೊದಲು ಇಂಗ್ಲಿಷಿನ ‘ಎ’ (a) ಎಂಬ ಪದ ಇದ್ದರೆ ಏಕವಚನ ಎಂಬುದು ಕೇಳುವ ಮೊದಲೇ ನಿಶ್ಚಯವಾಗಿಬಿಡುತ್ತದೆ. ಬಹುವಚನದ ‘ಎಸ್’ ಬಿಟ್ಟು ನಾನು ಕಳೆದುಕೊಂಡ ಅಂಕಗಳ ಪಟ್ಟಿ ನೋಟ್‌ಬುಕ್‌ನಲ್ಲಿ ಒಂದು ಪುಟ ತುಂಬಿತ್ತು, ಮತ್ತು ಆ ಪುಟವನ್ನು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು, ಏಕೆಂದರೆ ಅವೆಲ್ಲವೂ ನನಗೆ ಗೊತ್ತಿದ್ದ ಉತ್ತರಗಳೇ ಆಗಿದ್ದವು.

ಕನ್ನಡ ಮಾತಾಡುವ ನಮಗೆ ಅಂಕಿಗಳಲ್ಲಿ ಒಂದು ವಿಶೇಷ ತೊಂದರೆ ಇದೆ. ‘ಥರ್ಟೀನ್’ ಮತ್ತು ‘ಥರ್ಟಿ’ ಎಂಬವುಗಳ ನಡುವೆ ನಾವು ಕೊನೆಯ ನಕಾರಕ್ಕಾಗಿ ಕಾಯುತ್ತೇವೆ, ಆದರೆ ವೇಗದ ಮಾತಿನಲ್ಲಿ ಅದು ಮುಂದಿನ ಪದದೊಳಗೆ ಕರಗಿಹೋಗುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸುವುದು ಹೆಚ್ಚು ನೆರವಾಗುತ್ತದೆ: ಥರ್ಟಿಯಲ್ಲಿ ಒತ್ತು ಮೊದಲಿಗೆ ಬಿದ್ದು ಕೊನೆ ಗಿಡ್ಡವಾಗುತ್ತದೆ, ಥರ್ಟೀನ್‌ನ ಕೊನೆ ಉದ್ದವಾಗಿ ಎಳೆಯುತ್ತದೆ. ಅಕ್ಷರ ಅಕ್ಷರವಾಗಿ ಹೆಸರು ಹೇಳುವಾಗ ‘ಜಿ’ ಮತ್ತು ‘ಜೆ’, ‘ಎ’ ಮತ್ತು ‘ಇ’ ನನ್ನನ್ನು ಬಹಳ ಕಾಡಿದವು. ಇದಕ್ಕೆ ನಾನು ಮಾಡಿದ್ದು ಡಿಕ್ಟೇಷನ್. ದಿನವೂ ಒಂದೇ ನಿಮಿಷದ ಆಡಿಯೊ ತೆಗೆದುಕೊಂಡು, ಅದನ್ನು ತಡೆತಡೆದು ಕೇಳಿ ಪದಪದವನ್ನೂ ಬರೆದು, ಆಮೇಲೆ ಅದರ ಲಿಖಿತ ಪಾಠದೊಂದಿಗೆ ಹೋಲಿಸುತ್ತಿದ್ದೆ. ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಉಚ್ಚಾರಣೆಗಳನ್ನು ಸರದಿಯಂತೆ ಬದಲಿಸುತ್ತಿದ್ದೆ. ಗಂಟೆಗಟ್ಟಲೆ ಸುಮ್ಮನೆ ಕೇಳುತ್ತಾ ಕೂರುವುದಕ್ಕಿಂತ ಈ ಒಂದು ನಿಮಿಷ ಹೆಚ್ಚು ಕಲಿಸಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಷ್ಟು ಪದಗಳಲ್ಲಿ ಉತ್ತರಿಸಬೇಕು ಎಂಬ ಸೂಚನೆಯನ್ನು ಪ್ರತಿ ಸಲವೂ ಓದಲೇಬೇಕು. ಎರಡು ಪದ ಮೀರಬಾರದು ಎಂದಿರುವ ಕಡೆ ಮೂರು ಬರೆದರೆ ಅರ್ಥ ಸರಿಯಿದ್ದರೂ ಅಂಕ ಸಿಗುವುದಿಲ್ಲ. ಸ್ಪೆಲ್ಲಿಂಗ್ ತಪ್ಪಿದರೂ ಹಾಗೆಯೇ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರಗಳನ್ನು ಉತ್ತರ ಪತ್ರಿಕೆಗೆ ಇಳಿಸಲು ಕೊನೆಗೆ 10 ನಿಮಿಷ ಸಿಗುತ್ತದೆ, ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಪರಿಶೀಲನೆಗೆ 2 ನಿಮಿಷ ಮಾತ್ರ.

ಇನ್ನೊಂದು ದೋಷವನ್ನು ತಿದ್ದಿಕೊಳ್ಳುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಒಂದು ಉತ್ತರ ತಪ್ಪಿಹೋದರೆ ಮನಸ್ಸು ಅದನ್ನೇ ಹಿಡಿದುಕೊಂಡು ಕೂರುತ್ತಿತ್ತು, ಅಷ್ಟರಲ್ಲಿ ಇನ್ನೆರಡು ಉತ್ತರಗಳು ಕೈಬಿಟ್ಟು ಹೋಗುತ್ತಿದ್ದವು. ನಡುವೆ ಬಿಡುವೇ ಇಲ್ಲದ ನಾಲ್ಕನೆಯ ಭಾಗದ ಉಪನ್ಯಾಸದಲ್ಲಿ ಇದರಿಂದ ಆಗುವ ನಷ್ಟ ದೊಡ್ಡದು. ಪ್ರಶ್ನೆಗಳು ಆಡಿಯೊದ ಕ್ರಮದಲ್ಲಿಯೇ ಇರುವುದರಿಂದ ನಾನು ಸದಾ ಎರಡು ಪ್ರಶ್ನೆಗಳ ಮೇಲೆ ಕಣ್ಣಿಡುವ ಅಭ್ಯಾಸ ಮಾಡಿಕೊಂಡೆ. ಮುಂದಿನ ಪ್ರಶ್ನೆಯ ವಿಷಯ ಕೇಳಿಸಿತೆಂದರೆ ಹಿಂದಿನದು ಮುಗಿದುಹೋಗಿದೆ ಎಂದು ತಿಳಿದು ಬಿಟ್ಟುಬಿಡುತ್ತಿದ್ದೆ. ಎರಡನೆಯ ಸಲದ ಪರೀಕ್ಷೆಯಲ್ಲಿ ಮೂವತ್ತಮೂರನೆಯ ಪ್ರಶ್ನೆಯ ಉತ್ತರ ನನಗೆ ಕೇಳಿಸಲೇ ಇಲ್ಲ. ಅದರ ಎದುರು ಒಂದು ಚುಕ್ಕೆ ಇಟ್ಟು ಮೂವತ್ತನಾಲ್ಕಕ್ಕೆ ಹೋದೆ. ಉಳಿದ ಏಳನ್ನೂ ಬರೆದಾದ ಮೇಲೆ ಚುಕ್ಕೆಯ ಬಳಿಗೆ ಹಿಂದಿರುಗಿ, ವಾಕ್ಯದ ಅರ್ಥಕ್ಕೆ ಹೊಂದುವ ಒಂದು ನಾಮಪದವನ್ನು ಊಹಿಸಿ ತುಂಬಿದೆ.