ಡೈಜೆಸ್ಟರ್‌ಗೆ ಪ್ರೋಗ್ರಾಮ್ ಬರೆಯುವಾಗ ಟೈಮರ್ ನಂಬಬೇಡಿ

ಪುಣೆಯ ಭೋಸರಿಯಲ್ಲಿ ಕೂತು ಪಿಎಲ್‌ಸಿ (ಕಾರ್ಖಾನೆಯ ಯಂತ್ರ ನಡೆಸುವ ಕಂಪ್ಯೂಟರ್) ಪ್ರೋಗ್ರಾಮ್ ಬರೆಯುವ ನಮ್ಮ ಕಡೆಯ ಹುಡುಗರು ಪೇಪರ್ ಮಿಲ್ಲಿನ ಕೆಲಸ ಸಿಕ್ಕಿದ ತಕ್ಷಣ ಮಾಡುವ ತಪ್ಪು ಒಂದೇ. ಕಟ್ಟಿಗೆ ಚೂರು, ಅಂದರೆ ಚಿಪ್ಸ್, ಬೇಯಿಸಿ ಪಲ್ಪ್ ಮಾಡುವ ದೊಡ್ಡ ಒತ್ತಡದ ಪಾತ್ರೆಯೇ ಡೈಜೆಸ್ಟರ್; ಅದನ್ನು 170 ಡಿಗ್ರಿಗೆ ಏರಿಸು, ಇಷ್ಟು ಹೊತ್ತು ಇಡು, ಖಾಲಿ ಮಾಡು. ಕುಕ್ಕರ್ ಸೀಟಿ ಎಣಿಸಿದ ಹಾಗೆ! ನಾನೂ ಮೊದಲು ಹಾಗೇ ಬರೆದಿದ್ದೆ.

ಟೈಮರ್ ಬಿಟ್ಟು ಎಚ್-ಫ್ಯಾಕ್ಟರ್ ಹಿಡಿಯಿರಿ. ಹೊತ್ತು, ಬಿಸಿ ಎರಡನ್ನೂ ಒಂದೇ ಸಂಖ್ಯೆಗೆ ಸೇರಿಸಿ 1957ರಲ್ಲಿ ವ್ರೂಮ್ ಎಂಬ ಸಂಶೋಧಕ ಕೊಟ್ಟ ಲೆಕ್ಕ ಇದು. ಕ್ರಾಫ್ಟ್ ಅಡುಗೆಯಲ್ಲಿ (ಕ್ಷಾರ ದ್ರಾವಣದಲ್ಲಿ ಚಿಪ್ಸ್ ಬೇಯಿಸುವುದು) ನಾರುಗಳನ್ನು ಅಂಟಿಸಿಟ್ಟಿರುವ ಲಿಗ್ನಿನ್ ಕರಗುವ ವೇಗ 100 ಡಿಗ್ರಿಯಲ್ಲಿ 1 ಅಂದುಕೊಂಡರೆ, 160ರಲ್ಲಿ ಸುಮಾರು 400, 170ರಲ್ಲಿ 900ಕ್ಕೂ ಜಾಸ್ತಿ. ಹತ್ತು ಡಿಗ್ರಿಗೆ ಎರಡು ಪಟ್ಟಿಗಿಂತ ಹೆಚ್ಚು, ಟೈಮರ್‌ಗೆ ಇದು ಹೇಗೆ ಗೊತ್ತಾಗಬೇಕು? 16115ನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿ, ಆ ಸಂಖ್ಯೆಯನ್ನು 43.2ರಲ್ಲಿ ಕಳೆದು, ಬಂದದ್ದರ ಎಕ್ಸ್‌ಪೊನೆನ್ಶಿಯಲ್ ತೆಗೆಯಿರಿ. ನಿಮಿಷಕ್ಕೊಮ್ಮೆ ಅದರ 60ರಲ್ಲಿ ಒಂದು ಭಾಗ ಕೂಡಿಸುತ್ತಾ ಹೋಗಿ. ಆ ಮೊತ್ತ ಗುರಿ ಮುಟ್ಟಿದಾಗ ಸ್ಟೀಮ್ ಬಂದ್.

ಆದರೆ ಸೆನ್ಸರ್ ಸುಳ್ಳು ಹೇಳಿದರೆ ಲೆಕ್ಕವೂ ಸುಳ್ಳೇ. ಒಂದು ಮಿಲ್ಲಿನಲ್ಲಿ ನಾನು ಲಿಕರ್ (ಚಿಪ್ಸ್ ಬೇಯಿಸುವ ದ್ರಾವಣ) ಹೀಟರ್ ದಾಟಿದ ಮೇಲಿನ ಒಂದೇ ಸೆನ್ಸರ್ ನಂಬಿದ್ದೆ. ಒಳಗಿನ ಜರಡಿ ಕಟ್ಟಿಕೊಂಡು ಲಿಕರ್ ಸುತ್ತೋದು ನಿಧಾನವಾಗಿತ್ತು. ಇದ್ದಷ್ಟು ಲಿಕರ್ ಹೀಟರಿನಲ್ಲಿ ಚೆನ್ನಾಗಿ ಕಾದು ಸ್ಕ್ರೀನ್ ಮೇಲೆ 170 ಅಂತ ತೋರಿಸುತ್ತಿತ್ತು, ಡೈಜೆಸ್ಟರ್ ಒಳಗಿನ ಚಿಪ್ಸ್‌ಗೆ ಮಾತ್ರ ಬಿಸಿಯೇ ಮುಟ್ಟಿರಲಿಲ್ಲ. ಶಿಫ್ಟ್ ಆಪರೇಟರ್ ಒಂದು ಹಿಡಿ ಬೇಯದ ಚಿಪ್ಸ್ ತಂದು ನನ್ನ ಕೀಬೋರ್ಡ್ ಪಕ್ಕ ಸುರಿದು, "ಸರ್, ಇದನ್ನ ಯಾರು ತಿಂತಾರೆ?" ಅಂದರು. ಅವತ್ತಿನಿಂದ ಮೇಲೊಂದು ಕೆಳಗೊಂದು ಸೆನ್ಸರ್, ಎರಡರಲ್ಲಿ ಕಡಿಮೆ ಇರುವುದರ ಮೇಲೆ ಲೆಕ್ಕ, ಹರಿವು ಇಳಿದರೆ ಅಲಾರಂ.

ಮಳೆಗಾಲದಲ್ಲಿ ಚಿಪ್ಸ್ ತೇವದ ಕಡೆಯೂ ಕಣ್ಣಿಡಿ. 20 ಟನ್ ಚಿಪ್ಸ್‌ನಲ್ಲಿ 45% ನೀರಿದ್ದರೆ ಕಟ್ಟಿಗೆ 11 ಟನ್ ಅಷ್ಟೇ, ವೈಟ್ ಲಿಕರ್ (ಅಡುಗೆಗೆ ಹಾಕುವ ಹೊಸ ದ್ರಾವಣ) ಅಳತೆ ಈ 11ರ ಮೇಲೆ. ಪಲ್ಪ್‌ನಲ್ಲಿ ಎಷ್ಟು ಲಿಗ್ನಿನ್ ಉಳಿದಿದೆ ಅಂತ ಹೇಳುವ ಕಪ್ಪಾ ನಂಬರ್ ಲ್ಯಾಬಿನಿಂದ ಬಂದಾಗ ಮುಂದಿನ ಬ್ಯಾಚಿನ ಗುರಿ ಸ್ವಲ್ಪ ಸ್ವಲ್ಪವೇ ತಿದ್ದಿ. ಪೂರ್ತಿ ವ್ಯತ್ಯಾಸವನ್ನು ಒಂದೇ ಸಲ ಸರಿ ಮಾಡಲು ಹೋದರೆ ಒಂದು ಬ್ಯಾಚ್ ಹಸಿ, ಇನ್ನೊಂದು ಮುದ್ದೆ.

ಇನ್ನು ಒಳಗೆ ಸುಮಾರು 7 ಬಾರ್ ಒತ್ತಡ ಇರುವಾಗ ಮುಚ್ಚಳ ತೆರೆಯದಂತೆ ತಡೆಯೋದನ್ನು ಸುಮ್ನೆ ನಿಮ್ಮ ಪ್ರೋಗ್ರಾಮಿಗೆ ಒಪ್ಪಿಸಬೇಡಿ. ಅದಕ್ಕೆ ಬೇರೆಯೇ ವೈರಿಂಗ್‌ನ ಇಂಟರ್‌ಲಾಕ್ ಬೇಕು. ಒತ್ತಡ ಮಿತಿ ಮೀರಿದರೆ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಅಂತೂ ಯಾವ ಕಂಪ್ಯೂಟರ್ ಅಪ್ಪಣೆಗೂ ಕಾಯಬಾರದು.